ಶಾಲೆಯ ಫ್ರೆಂಚೋ, ಖಾಲಾ ಮನೆಯ ಅರೇಬಿಕ್ಕೋ? 'ಜಗ್' ಉಲ್ಟಾ ಆದ ಕತೆ

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಅರೇಬಿಕ್‌ಗೆ. ಅದೂ ನಮ್ಮ ಸೊಸೈಟಿಯ ಎರಡನೇ ಮಹಡಿಯಲ್ಲಿ ಖಾಲಾ ಹೇಳಿಕೊಡುವ ಅರೇಬಿಕ್‌ಗೆ. ಸೀನಿಯರ್ ಕೆಜಿಯಲ್ಲಿರುವ ಮಗಳಿಗೆ ಶಾಲೆಯವರ ಫ್ರೆಂಚ್ ಕ್ಲಾಸಿಗೆ ಅಂತ ಆರು ತಿಂಗಳಿಗೆ 14,000 ರೂಪಾಯಿ ಕಟ್ಟಿದ್ದೆ. ಮೇಲೆ ಐಫೆಲ್ ಟವರ್ ಚಿತ್ರದ ಬ್ಯಾಗು, ಫ್ಲ್ಯಾಶ್‌ಕಾರ್ಡು ಅಂತ ಇನ್ನೊಂದು 1,200. ಕಟ್ಟಿದ ಹಣ ವಾಪಸ್ ಬರಲ್ಲ ಅಂತ ರಸೀದಿಯಲ್ಲೇ ಬರೆದಿತ್ತು, ನಾನು ಓದಿರಲಿಲ್ಲ.

ಇಷ್ಟು ಚಿಕ್ಕ ಮಗುವಿಗೆ ಎರಡೆರಡು ಭಾಷೆ ಯಾಕೆ ಅಂತ ಊರಿನಿಂದ ಅತ್ತೆಯೂ ಕೇಳಿದರು. ನಾವು ಧಾರವಾಡದ ಕಡೆಯವರು, ಪುಣೆಯ ಕೊಂಢ್ವಾದಲ್ಲಿ ಎಂಟು ವರ್ಷದಿಂದ ಇದ್ದೇವೆ. ಮನೆಯಲ್ಲಿ ಕನ್ನಡ, ಲಿಫ್ಟಿನಲ್ಲಿ ಮರಾಠಿ, ಕೆಳಗೆ ಆಡುವಾಗ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮಗು ಇಷ್ಟರಲ್ಲೇ ಆರಾಮಾಗಿತ್ತು. ಆದರೆ ನಮ್ಮ ಮನೆಯವರ ಕೆಲಸ ಮಸ್ಕತ್‌ನಲ್ಲಿ, ಒಂದೆರಡು ವರ್ಷದಲ್ಲಿ ನಾವೂ ಹೋಗಬೇಕಾಗಬಹುದು. ಹಾಗಾಗಿ ಅರೇಬಿಕ್. ಫ್ರೆಂಚ್ ಯಾಕೆ ಅಂದರೆ ಕ್ಲಾಸಿನ ಮಕ್ಕಳೆಲ್ಲ ಸೇರಿದ್ದರು, ಅಷ್ಟೇ.

ಖಾಲಾ ಭಟ್ಕಳದವರು, ಇಪ್ಪತ್ತು ವರ್ಷ ಮಸ್ಕತ್‌ನಲ್ಲಿದ್ದು ಈಗ ಮಗನ ಮನೆಯಲ್ಲಿದ್ದಾರೆ. ನನ್ನ ಜೊತೆ ಚೆನ್ನಾಗಿ ಕನ್ನಡ ಮಾತಾಡ್ತಾರೆ. ನಾನು ಅಕ್ಕಾ ಅಂತೀನಿ, ಮಗಳು ಖಾಲಾ ಅಂತಾಳೆ. ಅರೇಬಿಕ್‌ನಲ್ಲಿ ಖಾಲಾ ಅಂದರೆ ಅಮ್ಮನ ಅಕ್ಕತಂಗಿ, ಹಾಗಾಗಿ ಮೊದಲ ಪದ ಪಾಠಕ್ಕೆ ಮುಂಚೆಯೇ ಬಂದಿತ್ತು.

ಈಗ ಆ ಜಗ್ಗಿನ ಕತೆ. ಸೆಪ್ಟೆಂಬರ್‌ನಲ್ಲಿ ಇಂಗ್ಲಿಷ್ ವರ್ಕ್‌ಶೀಟ್ ಮನೆಗೆ ಬಂತು, ಎಲ್ಲ ಕಡೆ ಕೆಂಪು ಗೆರೆ. ಜಗ್ಗಿನ ಚಿತ್ರದ ಕೆಳಗೆ ಮೊದಲು ಜೀ, ಆಮೇಲೆ ಯೂ, ಕೊನೆಗೆ ಜೇ. ಪೂರ್ತಿ ಉಲ್ಟಾ. ಟೀಚರ್ ಕೆಳಗೆ ಒಂದು ಸಾಲು ಬರೆದಿದ್ದರು: ಮಗು ಬಲದಿಂದ ಎಡಕ್ಕೆ ಬರೆಯುತ್ತಿದೆ, ಮನೆಯಲ್ಲಿ ಉರ್ದುವೋ ಅರೇಬಿಕ್ಕೋ ಕಲಿಸುತ್ತಿದ್ದೀರಾ? ನನಗೂ ಹೌದಲ್ವಾ ಅನ್ನಿಸಿತು. ಸೀದಾ ಹೋಗಿ, ಸ್ವಲ್ಪ ದಿನ ಪಾಠ ಬೇಡ ಅಕ್ಕಾ, ಅಕ್ಷರ ತಿರುಗಿ ಬರ್ತಿವೆ ಅಂದೆ. ಅವರು ಸಿಟ್ಟಾಗಲಿಲ್ಲ. "ಬೇಡ ಅಂದ್ರೆ ಬೇಡಮ್ಮಾ. ಆದ್ರೆ ನಾನಿನ್ನೂ ಅವಳ ಕೈಗೆ ಪೆನ್ಸಿಲ್ಲೇ ಕೊಟ್ಟಿಲ್ಲವಲ್ಲ" ಅಂದರು.

ಅದು ನಿಜ. ಮೂರು ತಿಂಗಳಿಂದ ಅಲ್ಲಿ ನಡೆದದ್ದು ಬರೀ ಮಾತು, ಹಾಡು, ಕೊಬ್ಬರಿ ತುರಿಯುವಾಗ ಎಣಿಕೆ.

ರಾತ್ರಿ ಆ ಹಾಳೆ ಮತ್ತೆ ತೆಗೆದು ಕೂತೆ. 'ಪಾಟ್' ಸರಿಯಾಗಿತ್ತು. ಬಲದಿಂದ ಬರೆಯುವ ಮಗು ಅದನ್ನೂ ತಿರುಗಿಸಬೇಕಿತ್ತು ತಾನೇ? 'ಬಿಗ್' ಅನ್ನೋದು ಬೀ, ಈ, ಜೇ ಆಗಿತ್ತು. ಅದು ತಿರುಗಿದ್ದಲ್ಲ, ಬೇರೇನೋ. ಬೆಳಿಗ್ಗೆ ಮಗಳನ್ನು ಕೂರಿಸಿ ಬರೆಸಿದೆ. ಬರೆಯುವಾಗ ಬಾಯಲ್ಲಿ ಅಕ್ಷರ ಹೇಳಿಕೊಳ್ತಾಳೆ, ಆಗ ಹೊಳೆಯಿತು. ಫ್ರೆಂಚ್‌ನಲ್ಲಿ ಜೇ ಅಕ್ಷರದ ಹೆಸರು 'ಝೀ', ಜೀ ಅಕ್ಷರದ ಹೆಸರು 'ಝೇ'. ಇಂಗ್ಲಿಷಿಗೆ ನೇರ ಅದಲುಬದಲು. ನಮ್ಮ ಬಾಯಲ್ಲಿ ಝ ಬೇರೆ ಜ ಆಗೇ ಬರೋದು. ಐ ಅಕ್ಷರಕ್ಕೆ ಫ್ರೆಂಚ್‌ನಲ್ಲಿ 'ಈ' ಅಂತಾರೆ, ಅದನ್ನು ಕೇಳಿದರೆ ಇಂಗ್ಲಿಷ್ ಕಲಿತ ಕೈ ಇನ್ನೇನು ಬರೆಯುತ್ತೆ? ಪಾಪ, ಮಗು ಒಂದೂ ತಪ್ಪು ಮಾಡಿರಲಿಲ್ಲ. ಹೆಸರು ಫ್ರೆಂಚ್‌ನಲ್ಲಿ ಹೇಳಿಕೊಂಡು ಅಕ್ಷರ ಇಂಗ್ಲಿಷ್‌ನಲ್ಲಿ ಬರೆದಿತ್ತು.

ಶಾಲೆಗೆ ಹೋಗಿ ಹೇಳಿದೆ. ಎಲ್ಲ ಮಕ್ಕಳಿಗೂ ಸ್ವಲ್ಪ ದಿನ ಹೀಗಾಗುತ್ತೆ, ಒಂದನೇ ಕ್ಲಾಸಿಗೆ ಸರಿಹೋಗುತ್ತೆ ಅಂದರು. ಇರಬಹುದು. ಆದರೆ ಇಂಗ್ಲಿಷ್ ಅಕ್ಷರವೇ ಇನ್ನೂ ಗಟ್ಟಿಯಾಗದ ಮಕ್ಕಳಿಗೆ ವಾರಕ್ಕೆರಡು ಸಲ, ಅರ್ಧರ್ಧ ಗಂಟೆ, ಅದೇ ಅಕ್ಷರಗಳನ್ನು ಬೇರೆ ಹೆಸರಿನಲ್ಲಿ ಹಾಡಿಸುವುದು ಯಾಕೆ ಅಂದರೆ ಉತ್ತರ ಇಲ್ಲ. ನನಗೆ ಗೊತ್ತು ಯಾಕೆ ಅಂತ: ಗ್ಯಾದರಿಂಗ್ ದಿನ ಸ್ಟೇಜ್ ಮೇಲೆ ಹಾಡಿಸೋಕೆ ಅದು ಚೆಂದ, ನಾವು ಮೊಬೈಲ್ ಹಿಡಿದು ನಿಂತಿರ್ತೀವಿ. ಮುಂದೆ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಸಿಗುತ್ತೆ ಅಂತ ಬೇರೆ ಆಸೆ ತೋರಿಸಿದ್ದರು. ಮಕ್ಕಳ ಫ್ರೆಂಚ್ ಪರೀಕ್ಷೆ ಡೆಲ್ಫ್ ಪ್ರಿಮ್ ಇರೋದೇ 7ರಿಂದ 12 ವರ್ಷದವರಿಗೆ, ನಮ್ಮ ಮಗಳಿಗೆ ಇನ್ನೂ 5.

ಅರೇಬಿಕ್‌ನಲ್ಲಿ ಈ ತಾಪತ್ರಯ ಬರುವ ಹಾಗೇ ಇಲ್ಲ, ಲಿಪಿಯೇ ಬೇರೆ. 28 ಅಕ್ಷರ. ಪದದ ಮೊದಲು, ನಡುವೆ, ಕೊನೆಯಲ್ಲಿ ಆಕಾರ ಬದಲಾಗುತ್ತೆ, ಹಾಗಾಗಿ ಸುಲಭ ಅಂತ ಹೇಳಲ್ಲ. ಆರು ತುಂಬಲಿ, ಆಮೇಲೆ ನೋಡೋಣ ಅಂತಾರೆ ಖಾಲಾ. ಸದ್ಯಕ್ಕೆ ಬಾಯಿ ಪಾಠ. ಕುರ್ಚಿಗೆ ಕುರ್ಸಿ, ಸಕ್ಕರೆಗೆ ಸುಕ್ಕರ್, ಸಾಬೂನಿಗೆ ಸಾಬೂನ್. ನಮ್ಮ ತಾರೀಖು, ವಕೀಲ, ಖಾಲಿ ಎಲ್ಲ ಅಲ್ಲಿಂದ ಬಂದವೇ, ಮಗು ಅರ್ಧ ದಾರಿ ನಡೆದೇ ಬಂದಿತ್ತು. (ಫ್ರೆಂಚ್‌ನಲ್ಲೂ ಸಕ್ಕರೆ 'ಸುಕ್ರ್', ಸುಳ್ಳು ಹೇಳಬಾರದು.) ಗಂಟಲಿನಿಂದ ಬರುವ 'ಐನ್', 'ಘೈನ್' ಅವಳಿಗೆ ನೀರು ಕುಡಿದಷ್ಟು ಸುಲಭ, ನನಗೆ ಬರೀ ಕೆಮ್ಮು. ಫ್ರೆಂಚಿನ ರ ಕೂಡ ಹೆಚ್ಚುಕಡಿಮೆ ಆ ಘೈನ್ ಜಾಗದಲ್ಲೇ ಹುಟ್ಟುತ್ತೆ, ಅಂದರೆ ಮುಂದೆ ಫ್ರೆಂಚ್ ಕಲಿತರೂ ಇದು ದಂಡವಲ್ಲ.

ಒಂದು ತಮಾಷೆ. ಫ್ರೆಂಚ್‌ನಲ್ಲಿ ಸೂರ್ಯ ಗಂಡು, ಚಂದ್ರ ಹೆಣ್ಣು. ಅರೇಬಿಕ್‌ನಲ್ಲಿ ಸೂರ್ಯ ಹೆಣ್ಣು, ಚಂದ್ರ ಗಂಡು. ಚಂದಮಾಮ ಹೆಂಗಸಾದರೆ ಮಾಮಾ ಅಂತ ಯಾಕೆ ಕರೆಯೋದು ಅಂತ ಮಗಳು ಎರಡು ದಿನ ತಲೆ ತಿಂದಳು. ಈ ವಿಷಯದಲ್ಲೂ ಖಾಲಾ ಗೆದ್ದರು.

ಖಾಲಾ ಪಾಠದ ತೊಂದರೆಯೂ ಇದೆ. ಟೈಮಿಗೆ ಗ್ಯಾರಂಟಿ ಇಲ್ಲ, ನೆಂಟರು ಬಂದರೆ ರಜಾ, ರಂಜಾನ್ ತಿಂಗಳು ಪೂರ್ತಿ ರಜಾ. ಅವರದ್ದು ಗಲ್ಫಿನ ಆಡುಮಾತು, ನೀರಿಗೆ 'ಮಾಯ್' ಅಂತಾರೆ, ಪುಸ್ತಕದ ಅರೇಬಿಕ್‌ನಲ್ಲಿ ಅದು 'ಮಾ'. ಮಸ್ಕತ್‌ನಲ್ಲಿ ಶಾಲೆ ಶುರುವಾದಾಗ ಪುಸ್ತಕದ್ದನ್ನು ಮತ್ತೆ ಕಲಿಯಬೇಕು. ಸರ್ಟಿಫಿಕೇಟಂತೂ ಇಲ್ಲ.

ಆಪ್‌ಗಳನ್ನೂ ನೋಡಿದೆ, ಒಂದು ವಾರಕ್ಕೆ ಬಿಟ್ಟೆವು. 2003ರಲ್ಲಿ ಪೆಟ್ರೀಶಿಯಾ ಕೂಲ್ ಅನ್ನುವ ವಿಜ್ಞಾನಿ ಅಮೆರಿಕದ 9 ತಿಂಗಳ ಕೂಸುಗಳಿಗೆ ಚೀನಿ ಭಾಷೆ ಕೇಳಿಸಿದ್ದರು. ಎದುರಿಗೆ ಕೂತು ಆಡಿಸಿದವರಿಂದ ಕೂಸುಗಳು ಆ ಧ್ವನಿಗಳನ್ನು ಹಿಡಿದವು, ವಿಡಿಯೋದಿಂದ ಹಿಡಿಯಲಿಲ್ಲ. ನಮ್ಮ ಮನೆಯಲ್ಲೂ ಅದೇ ಆಯಿತು.

ಖಾಲಾಗೆ ಧಾರವಾಡ ಪೇಡಾ ಕೊಟ್ಟು ತಪ್ಪಾಯ್ತು ಅಂದೆ, ಪಾಠ ಮತ್ತೆ ಶುರುವಾಗಿದೆ. ತಿಂಗಳಿಗೆ 1,500, ಅದನ್ನೂ ಬಲವಂತ ಮಾಡಿ ಕೊಡ್ತೀನಿ. ನನಗೆ ಮನೆಯಿಂದಲೇ ಆಫೀಸ್ ಕೆಲಸ, ಸಂಜೆ ಮೀಟಿಂಗ್ ಇದ್ದಾಗ ಮಗುವನ್ನು ಎರಡು ಮಹಡಿ ಇಳಿಸಿದರೆ ಆಯಿತು. ನಿಮಗೆ ಕೆಳಗಿನ ಮಹಡಿಯಲ್ಲಿ ಖಾಲಾ ಇಲ್ಲದಿದ್ದರೆ ಲೆಕ್ಕ ಬೇರೆಯಾಗಬಹುದು. ಫ್ರೆಂಚೇ ಬೇಕು ಅಂದರೆ ಫೀ ಕಟ್ಟುವ ಮುಂಚೆ ಅಕ್ಷರ ಯಾವಾಗ ಶುರು ಮಾಡ್ತೀರಿ ಅಂತ ಕೇಳಿ. ಮೊದಲ ದಿನದಿಂದಲೇ ಅಂದರೆ ಪರ್ಸು ಒಳಗಿಡಿ.

ಫ್ಲ್ಯಾಶ್‌ಕಾರ್ಡು ಬೇಕಾದವರು ಕೇಳಿ, ಹೊಸದಾಗೇ ಇವೆ, ಸುಮ್ನೆ ಕೊಡ್ತೀನಿ. ಐಫೆಲ್ ಟವರ್ ಬ್ಯಾಗು ಮಾತ್ರ ಕೊಡಲ್ಲ, ಖಾಲಾ ಮನೆಗೆ ತಿಂಡಿ ಡಬ್ಬಿ ಹೋಗೋದು ಅದರಲ್ಲೇ.