ನಾಹಾದ ಗೋಜುರ್ಯು ದೋಜೋದಲ್ಲಿ ಎಂಟು ತಿಂಗಳು

ಗಂಡನ ಕೆಲಸದ ಸಲುವಾಗಿ ಜಪಾನಿನ ಒಕಿನಾವಾದ ನಾಹಾ ಊರಿಗೆ ಬಂದ ಮೇಲೆ ಮನೆ ಹತ್ತಿರದ ಒಂದು ಕರಾಟೆ ದೋಜೋಗೆ, ಅಂದರೆ ಅಭ್ಯಾಸದ ಶಾಲೆಗೆ ಸೇರಿದೆ. ನನಗೀಗ 41. ವಾರಕ್ಕೆ ಎರಡು ಸಂಜೆ, ತಿಂಗಳಿಗೆ 6,000 ಯೆನ್. ಸೆನ್ಸೈ (ಗುರುಗಳು) ಮೇಲಿನ ಮಹಡಿಯಲ್ಲಿ ವಾಸ, ಕೆಳಗೆ ದೋಜೋ. ಹದಿನೈದು ಜನ ನಿಂತರೆ ತುಂಬಿಹೋಗುತ್ತದೆ.

ಕಲಿಸುವುದು ಗೋಜುರ್ಯು. ಇದೇ ನಾಹಾದಲ್ಲಿ 1888ರಲ್ಲಿ ಹುಟ್ಟಿದ ಮಿಯಾಗಿ ಚೋಜುನ್ ಕಟ್ಟಿದ ಶೈಲಿ. ಗೋ ಅಂದರೆ ಗಟ್ಟಿ, ಜು ಅಂದರೆ ಮೆದು. ಒದೆಯುವುದು, ಗುದ್ದುವುದು ಕಲಿಸುತ್ತಾರೆ ಅಂದುಕೊಂಡು ಹೋಗಿದ್ದೆ. ಮೊದಲ ಎರಡು ತಿಂಗಳು ಕಲಿತದ್ದು ಹೆಚ್ಚಾಗಿ ನಿಲ್ಲುವುದನ್ನೇ!

ಸಾನ್‌ಚಿನ್ ಅನ್ನುವ ಕಾತಾ, ಅಂದರೆ ಗೊತ್ತುಪಡಿಸಿದ ಕ್ರಮದ ಚಲನೆಗಳ ಅಭ್ಯಾಸ ಅದು. ಪಾದ ಒಳಕ್ಕೆ ತಿರುಗಿಸಿ, ಮಂಡಿ ಸ್ವಲ್ಪ ಬಗ್ಗಿಸಿ, ಹೊಟ್ಟೆಯಿಂದ ಉಸಿರಾಡುತ್ತಾ ಒಂದೊಂದೇ ಹೆಜ್ಜೆ ಇಡಬೇಕು. ಹಿಂದಿನಿಂದ ಯಾರಾದರೂ ಬಂದು ಭುಜ, ಬೆನ್ನು, ತೊಡೆಗೆ ಅಂಗೈಯಿಂದ ಪಟ್ ಅಂತ ತಟ್ಟಿ ಎಲ್ಲಿ ಸಡಿಲವಿದೆ ನೋಡುತ್ತಾರೆ. ನನಗೆ ಅದನ್ನು ಮಾಡುವವರು ಹಿರಿಯ ವಿದ್ಯಾರ್ಥಿನಿಯೊಬ್ಬರು. ಮೊದಲ ದಿನವೇ ಸೆನ್ಸೈ ಹಾಗೆ ಏರ್ಪಾಡು ಮಾಡಿದ್ದರು. ಹೆಂಗಸರಿಗೆ ಇದು ದೊಡ್ಡ ವಿಷಯ, ಅಲ್ವಾ?

ಜಿಮ್ ಉಪಕರಣ ಒಂದೂ ಇಲ್ಲ. ಕಲ್ಲಿಗೆ ಕೋಲು ಸಿಕ್ಕಿಸಿದ ಚಿಇಶಿ ಇದೆ, ನಿಗಿರಿಗಾಮೆ ಅನ್ನುವ ಮಣ್ಣಿನ ಜಾಡಿಗಳಿವೆ. ಎರಡು ಕೈಯಲ್ಲಿ ಎರಡು ಜಾಡಿ, ಬರೀ ಬೆರಳ ತುದಿಯಿಂದ ಬಾಯಂಚು ಹಿಡಿದು ಸಾನ್‌ಚಿನ್ ಹೆಜ್ಜೆ ಹಾಕಬೇಕು. ಖಾಲಿ ಜಾಡಿ ಹಿಡಿದು ಹತ್ತು ಹೆಜ್ಜೆ ಇಡಲೂ ಆಗಿರಲಿಲ್ಲ. ಈಗ ಕಾಲು ಭಾಗ ಮರಳು ತುಂಬಿಸಿಕೊಳ್ಳುತ್ತೇನೆ. ಸಾಮಾನಿನ ಚೀಲ ಹಿಡಿದು ನಾಲ್ಕು ಮಹಡಿ ಹತ್ತುವಾಗ ಮಧ್ಯೆ ಎಲ್ಲೂ ಕೆಳಗಿಡುವುದಿಲ್ಲ.

ಆತ್ಮರಕ್ಷಣೆ ಅಂತ ಬಂದರೆ ನನಗೆ ತುಂಬಾ ಉಪಯೋಗವಾದದ್ದು ಕಾಕಿಯೆ. ಇಬ್ಬರು ಮುಂಗೈಗೆ ಮುಂಗೈ ತಾಗಿಸಿ, ತಳ್ಳುತ್ತಾ ಎಳೆಯುತ್ತಾ ಇರುವುದು. ಮುಷ್ಟಿ ಏಳುವ ಮೊದಲೇ ಎದುರಿನವರ ಭಾರ ಯಾವ ಕಾಲಿಗೆ ಹೋಯಿತು ಅಂತ ಚರ್ಮಕ್ಕೇ ತಿಳಿಯುತ್ತದೆ. ಮೊದಲು ಕೈ ಹಿಡಿದರೆ ಹಿಂದಕ್ಕೆ ಜಗ್ಗುತ್ತಿದ್ದೆ. ಈಗ ಕಾಲು ತಾನಾಗಿ ಎದುರಿನವರ ಕಡೆಗೇ ಹೋಗುತ್ತದೆ. ಹಾಗಂತ ಯಾರನ್ನಾದರೂ ಎದುರಿಸಬಲ್ಲೆ ಅಂತಲ್ಲ. ಓಡಲು ದಾರಿ ಇದ್ದರೆ ಓಡಬೇಕು ಅಂತ ಸೆನ್ಸೈ ಮತ್ತೆ ಮತ್ತೆ ಹೇಳುತ್ತಾರೆ.

ಕೊರತೆಯೂ ಇದೆ. ಎಸಿ ಇಲ್ಲ, ಆಗಸ್ಟ್‌ನಲ್ಲಿ ನೆಲವೆಲ್ಲ ಬೆವರಿನಿಂದ ಜಾರುತ್ತದೆ. ಬಾಯಿಬಿಟ್ಟು ವಿವರಿಸುವುದು ಕಮ್ಮಿ, ನೋಡಿಯೇ ಕಲಿಯಬೇಕು. ಮಕಿವಾರಾ ಹಲಗೆಗೆ ಮೆಲ್ಲಗೆ ಗುದ್ದಬೇಕು ಅಂತ ನನಗೆ ಯಾರೂ ಹೇಳಲಿಲ್ಲ. ಗೆಣ್ಣಿನ ಚರ್ಮ ಸುಲಿದು ಎರಡು ವಾರ ಚಪಾತಿ ಹಿಟ್ಟು ನಾದಲಾಗಲಿಲ್ಲ. ಸೆನ್ಸೈಗೆ ಹೇಳಿದೆ. ಈಗ ಹೊಸಬರಿಗೆ ಮೂರು ತಿಂಗಳು ಮಕಿವಾರಾ ಕೊಡುವುದಿಲ್ಲ.

ಬೇಗ ಬೆಲ್ಟ್ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ. ನಾನಂತೂ ಬಿಡುವುದಿಲ್ಲ. ಮುಂದಿನ ಮಂಗಳವಾರದಿಂದ ಜಾಡಿಗೆ ಅರ್ಧ ಮರಳು ತುಂಬಲು ಒಪ್ಪಿಗೆ ಸಿಕ್ಕಿದೆ.