ಕಡಿಮೆ ಬೆಲೆಯ ಹಾಲೋಬಾಡಿ: ನನ್ನ ಓಟು ಯಾವುದಕ್ಕೆ?

ಎಪಿಫೋನ್ ಕ್ಯಾಸಿನೋ, ಗ್ರೆಚ್ ಸ್ಟ್ರೀಮ್‌ಲೈನರ್ ಜಿ2420, ಐಬನೇಜ್ ಎಎಫ್75. ಮೂರೂ ಹಾಲೋಬಾಡಿ ಎಲೆಕ್ಟ್ರಿಕ್ ಗಿಟಾರ್‌ಗಳು, ಅಂದರೆ ಒಳಗೆ ಪೂರ್ತಿ ಟೊಳ್ಳು. ಗೇನ್ (ಸಿಗ್ನಲ್‌ನ ಬಲ) ಜಾಸ್ತಿ ಮಾಡಿ ಆಂಪ್ಲಿಫೈಯರ್ ಎದುರು ನಿಂತರೆ ಮೂರೂ ಕಿರುಚುತ್ತವೆ. ಹೆವಿ ಮೆಟಲ್ ಸಂಗೀತ ನುಡಿಸುವವರು ಓದು ಇಲ್ಲಿಗೇ ನಿಲ್ಲಿಸಬಹುದು!

ಕ್ಯಾಸಿನೋ 1961ರಿಂದ ಇದೆ, ಮೂರರಲ್ಲಿ ದುಬಾರಿ ಇದೇ. ಅದರ ಪಿ-90 ಪಿಕಪ್‌ಗಳು (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯವು; ಸುತ್ತಲಿನ ವಿದ್ಯುತ್ ಗದ್ದಲವನ್ನೂ ಹಿಡಿಯುತ್ತವೆ. ಮೆಲ್ಲಗೆ ಮೀಟಿದರೆ ತಿಳಿಯಾದ ನಾದ, ಜೋರಾಗಿ ಹೊಡೆದರೆ ಗರಗರ. ಕೈಯ ಒತ್ತಡಕ್ಕೆ ಇಷ್ಟು ಚೆನ್ನಾಗಿ ಸ್ಪಂದಿಸುವ ಪಿಕಪ್ ಈ ಬೆಲೆಗೆ ಸಿಗೋದು ಕಷ್ಟ. ಆದರೆ ನನ್ನ ಕೋಣೆಯ ಫ್ಯಾನ್ ರೆಗ್ಯುಲೇಟರ್ ಎರಡರಲ್ಲಿದ್ದರೆ ಜುಂಯ್ ಶುರು. ಗಿಟಾರ್ ಹಿಡಿದು ಕಿಟಕಿಯತ್ತ ತಿರುಗಿ ಕೂತರೆ ಸ್ವಲ್ಪ ಕಡಿಮೆ.

ಗ್ರೆಚ್‌ನ ಬ್ರಾಡ್‌ಟ್ರಾನ್ ಪಿಕಪ್ ಹಂಬಕರ್, ಅಂದರೆ ಎರಡು ಸುರುಳಿ ಸೇರಿ ಆ ಜುಂಯ್ ಅಡಗಿಸುತ್ತವೆ, ಆ ಕಾಟ ಇಲ್ಲ. ಗ್ರೆಚ್‌ನದೇ ಹಳೆಯ ಫಿಲ್ಟರ್‌ಟ್ರಾನ್ ಪಿಕಪ್‌ಗಿಂತ ದಪ್ಪ ಸದ್ದು. ರಾಕಬಿಲಿಯ (ಹಳೆಯ ರಾಕ್ ಅಂಡ್ ರೋಲ್ ಶೈಲಿ) ಆ ಚುರುಕು ಬೇಕೆನ್ನುವವರಿಗೆ ಅರ್ಧ ಸಮಾಧಾನ. ನೋಡೋಕೆ ಮಾತ್ರ ಭಾರಿ ಚೆಂದ.

ನನ್ನ ಓಟು ಎಎಫ್75ಗೆ. ಇದರಲ್ಲೂ ಹಂಬಕರ್‌ಗಳೇ. ಫ್ಲಾಟ್‌ವೌಂಡ್ (ಮೇಲ್ಮೈ ನುಣುಪಾದ) ತಂತಿ ಹಾಕಿ, ಕತ್ತಿನ ಕಡೆಯ ನೆಕ್ ಪಿಕಪ್‌ಗೆ ಬದಲಿಸಿ, ಟೋನ್ ಗುಂಡಿ ಅರ್ಧಕ್ಕಿಳಿಸಿ. ಜಾಝ್‌ಗೆ ಇನ್ನೇನು ಬೇಕು ಅಲ್ವಾ? ಒಂದು ಮಾತು: ಬ್ರಿಡ್ಜ್ (ತಂತಿಗಳನ್ನು ಎತ್ತಿ ಹಿಡಿಯುವ ಭಾಗ) ಅಂಟಿಸಿರುವುದಿಲ್ಲ. ತಂತಿಗಳನ್ನು ಒಂದೊಂದಾಗಿ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಬ್ರಿಡ್ಜ್ ಜಾರಿ ಶ್ರುತಿ ಕೆಡುತ್ತದೆ.