ದಾವಣಗೆರೆಯಲ್ಲಿ ಚಿಕ್ಕ ಮಕ್ಕಳಿಗೆ ಡ್ರಾಯಿಂಗ್ ಕ್ಲಾಸ್: ವಿದ್ಯಾನಗರದ ಈ ಮಹಡಿ ಮೇಲಿನ ಕ್ಲಾಸ್ ಬಗ್ಗೆ

ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ದಾವಣಗೆರೆಯಲ್ಲಿ ಒಳ್ಳೆ ಡ್ರಾಯಿಂಗ್ ಕ್ಲಾಸ್ ಎಲ್ಲಿದೆ ಅಂತ ತುಂಬಾ ಜನ ಕೇಳುತ್ತಿರುತ್ತಾರೆ. ನನ್ನ ಮಗಳು ಮೂರನೇ ಕ್ಲಾಸು. ವಿದ್ಯಾನಗರದಲ್ಲಿ ಒಂದು ಮನೆಯ ಮಹಡಿ ಮೇಲೆ ವಾರದ ಕೊನೆಗೆ ನಡೆಯುವ ಕ್ಲಾಸಿಗೆ ಹೋಗುತ್ತಾಳೆ. ಹೊರಗೆ ಬೋರ್ಡ್ ಇಲ್ಲ, ಕ್ಲಾಸಿಗೆ ಹೆಸರೂ ಇಟ್ಟಿಲ್ಲ. ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ ಮಕ್ಕಳು ಬಂದು ಸೇರಿದ್ದಾರೆ. ಮೇಡಂ ನಮ್ಮೂರಿನ ದೃಶ್ಯಕಲಾ ಮಹಾವಿದ್ಯಾಲಯದಲ್ಲೇ ಓದಿದವರು. ಕಳಿಸೋಕೆ ಶುರು ಮಾಡಿ ವರ್ಷದ ಮೇಲಾಯ್ತು, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಈ ವಯಸ್ಸಿನ ಮಕ್ಕಳಿಗೆ ಕಲೆ ಹೇಳಿಕೊಟ್ಟರೆ ಹೀಗೇ ಹೇಳಿಕೊಡಬೇಕು.

ಇದಕ್ಕೆ ಮುಂಚೆ ಬೇರೆ ಒಂದು ಕಡೆ ಹಾಕಿದ್ದೆವು. ಅಲ್ಲಿ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸುತ್ತಿದ್ದರು, ಎಲ್ಲರೂ ಅದನ್ನೇ ಬಿಡಿಸಬೇಕು. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಹೊಳೆ, ಹೆಂಚಿನ ಮನೆ. ನಮ್ಮದು ಬಯಲು ಸೀಮೆ. ಊರಾಚೆ ಹೋದರೆ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ, ಭದ್ರಾ ಚಾನೆಲ್ ನೀರು ಬರುವ ಕಡೆ ಭತ್ತ. ಮಕ್ಕಳು ನೋಡುವುದು ಅದನ್ನು, ಬಿಡಿಸುವುದು ಮಾತ್ರ ಎರಡು ಗುಡ್ಡ! ಪ್ರದರ್ಶನ ಹತ್ತಿರ ಬಂದಾಗ ಸರ್ ತಾವೇ ಮೇಲೆ ತಿದ್ದಿ, ಶೇಡಿಂಗ್ ಮಾಡಿ, ಫ್ರೇಮ್ ಹಾಕಿಸಿ, ಕೆಳಗೆ ಮಕ್ಕಳ ಹೆಸರು ಬರೆಯುತ್ತಿದ್ದರು. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳೋಕೆ ಮಗಳು ಒಪ್ಪಲಿಲ್ಲ. 'ಇದು ನಂದಲ್ಲ' ಅಂದಳು. ಅಲ್ಲಿಂದ ಬಿಡಿಸಿಬಿಟ್ಟೆವು.

ಈ ಕ್ಲಾಸಿನಲ್ಲಿ ನೋಡಿಕೊಂಡು ಬಿಡಿಸೋಕೆ ಅಂತ ಚಿತ್ರ ಕೊಡುವುದೇ ಇಲ್ಲ. ಬಣ್ಣವೂ ಅಷ್ಟೇ. ಇಪ್ಪತ್ನಾಲ್ಕು ಬಣ್ಣದ ಡಬ್ಬಿ ಮನೆಯಲ್ಲೇ ಇರಲಿ ಅಂತಾರೆ ಮೇಡಂ. ಕೆಂಪು, ಹಳದಿ, ನೀಲಿ, ಬಿಳಿ, ಈ ನಾಲ್ಕೇ ಪೋಸ್ಟರ್ ಬಣ್ಣ. ಹಸಿರು ಬೇಕಾದರೆ ಕಲಸಿಕೊಳ್ಳಬೇಕು. ಕಲಸುವಾಗಲೇ ಮಕ್ಕಳಿಗೆ ಗೊತ್ತಾಗುತ್ತದೆ, ಬೇವಿನ ಚಿಗುರಿನ ಹಸಿರು ಬೇರೆ, ತೆಂಗಿನ ಗರಿಯ ಹಸಿರು ಬೇರೆ, ಕೊಯ್ಲಿಗೆ ಬಂದ ಭತ್ತದಲ್ಲಿ ಹಸಿರು ಇರೋದೇ ಕಮ್ಮಿ. ಕಪ್ಪು ಕೇಳಿದರೆ ಬಿಳಿ ಬಿಟ್ಟು ಉಳಿದ ಮೂರನ್ನೂ ಸೇರಿಸಿ ನೋಡು ಅಂತಾರೆ. ಅಚ್ಚ ಕಪ್ಪು ಬರಲ್ಲ, ಒಂಥರಾ ಗಾಢ ಕಂದು ಬರುತ್ತದೆ. ಮಗಳು ಈಗ ಅದನ್ನೇ ಹೊಲದ ಎರೆಮಣ್ಣಿಗೆ ಹಾಕುತ್ತಾಳೆ.

ನನಗೆ ತುಂಬಾ ಇಷ್ಟವಾಗಿದ್ದು ಮಂಡಕ್ಕಿ ಪಾಠ. ಇಷ್ಟು ಚಿಕ್ಕ ಮಕ್ಕಳಿಗೆ ಡಿಸೈನ್ ಅಂದರೆ ಏನು ಹೇಳಿಕೊಡುತ್ತಾರೆ ಅಂತ ಅನುಮಾನ ಇದ್ದವರು ಇದನ್ನು ಓದಬೇಕು. ಒಬ್ಬೊಬ್ಬರಿಗೆ ಒಂದು ಬ್ರೌನ್ ಪೇಪರ್, ಮಧ್ಯದಲ್ಲಿ ಒಂದು ಬುಟ್ಟಿ ಖಾರ ಮಂಡಕ್ಕಿ. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ತಿನ್ನುವಂಥ ಪೊಟ್ಟಣ ಮಾಡಿ, ಅಂಟು ಹಾಕಬಾರದು, ಅಷ್ಟೇ ಹೇಳಿದ್ದು. ಮೊದಲು ಮಾಡಿದ್ದರಲ್ಲಿ ಸುಮಾರು ಪೊಟ್ಟಣಗಳು ಕೆಳಗಿನ ತುದಿಯಿಂದ ಸುರಿದುಹೋದವು. ಒಬ್ಬ ಹುಡುಗ ತುದಿಯನ್ನು ಮಡಚಿ ಒಳಗೆ ಸಿಕ್ಕಿಸಿದ, ಸುರಿಯುವುದು ನಿಂತಿತು. ಎಲ್ಲರೂ ಹೋಗಿ ಅದನ್ನು ನೋಡಿ ಬಂದರು. ನನ್ನ ಮಗಳ ಪೊಟ್ಟಣ ಸುರಿಯಲಿಲ್ಲ, ಆದರೆ ಅಗಲ ಜಾಸ್ತಿ, ಅವಳ ಅಂಗೈಗೆ ಕೂರುತ್ತಿರಲಿಲ್ಲ. ಬಿಚ್ಚಿ ಮತ್ತೆ ಸುತ್ತಿದಳು. ಮೇಡಂ ಯಾರ ಕೈಯಿಂದಲೂ ಪೇಪರ್ ಇಸ್ಕೊಳ್ಳಲಿಲ್ಲ.

ಮುಂದಿನ ವಾರ ಆ ಪೊಟ್ಟಣಕ್ಕೆ ಗುರುತು ಹಾಕುವ ಕೆಲಸ. ಖಾರ ಮಂಡಕ್ಕಿ ಯಾವುದು, ನಮ್ಮೂರಿನ ಇನ್ನೊಂದು ಬಗೆಯಾದ ನರ್ಗಿಸ್ ಮಂಡಕ್ಕಿ ಯಾವುದು ಅಂತ ಓದೋಕೆ ಬಾರದವರಿಗೂ ತಿಳಿಯಬೇಕು, ಒಂದು ಅಕ್ಷರವನ್ನೂ ಬರೆಯುವಂತಿಲ್ಲ. ಕೆಲವರು ಕೆಂಪು ಮೆಣಸಿನಕಾಯಿ ಬಿಡಿಸಿದರು, ಒಬ್ಬಳು ನಾಲಿಗೆ ಹೊರಗೆ ಚಾಚಿದ ಮುಖ ಬಿಡಿಸಿದಳು. ಬಿಡಿಸಿಯಾದ ಮೇಲೆ ಎಲ್ಲವನ್ನೂ ಕೆಳಗಿನ ಮನೆಯ ಅಜ್ಜಿಯ ಮುಂದೆ ಸಾಲಾಗಿ ಇಟ್ಟರು. ಅವರಿಗೆ ಓದು ಬರಲ್ಲ. ಮೆಣಸಿನಕಾಯಿ ನೋಡಿದ ಅಜ್ಜಿ 'ಇದು ಮಿರ್ಚಿ ಬಜ್ಜಿ ಪೊಟ್ಟಣ ಅಲ್ವಾ?' ಅಂದರು. ನಾಲಿಗೆ ಚಾಚಿದ ಮುಖ ನೋಡಿದ ತಕ್ಷಣ 'ಇದು ಖಾರ' ಅಂದರು. ಮೆಣಸಿನಕಾಯಿ ಬಿಡಿಸಿದವರೆಲ್ಲ ಮೇಲೆ ಹೋಗಿ ಬೇರೆ ಬಿಡಿಸಿದರು, ಯಾರೂ ಅಳಲಿಲ್ಲ, ಯಾರೂ ಮುಖ ಊದಿಸಿಕೊಳ್ಳಲಿಲ್ಲ. ತಾನು ಬಿಡಿಸಿದ್ದು ಇನ್ನೊಬ್ಬರಿಗೆ ತಿಳಿಯಿತಾ ಅಂತ ಎಂಟು ವರ್ಷದ ಮಗು ಕೇಳಿಕೊಳ್ಳುವುದನ್ನು ನಾನು ಬೇರೆ ಎಲ್ಲೂ ನೋಡಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಕೆಲಸ ಇತ್ತು. ಅಚ್ಚು ಇಲ್ಲ, ಕೈಯಲ್ಲೇ ಮಾಡಬೇಕು. ಮಕ್ಕಳು ಕಾಲನ್ನು ಕಡ್ಡಿ ಥರ ಮಾಡಿದ್ದರಿಂದ ಎತ್ತುಗಳೆಲ್ಲ ಕುಸಿದು ಕೂತವು. 'ಬಂಡಿ ಎಳೆಯೋ ಎತ್ತಿನ ಕಾಲು ಎಷ್ಟು ದಪ್ಪ ಇರುತ್ತೆ, ನೋಡಿದ್ದೀರಾ?' ಅಂತ ಮೇಡಂ ಕೇಳಿ ಸುಮ್ಮನಾದರಂತೆ. ಮಾಡಿದ್ದನ್ನು ಬಿಸಿಲಿಗೆ ಇಡಬೇಡಿ, ನೆರಳಲ್ಲಿ ನಿಧಾನಕ್ಕೆ ಒಣಗಿಸಿ, ಇಲ್ಲದಿದ್ದರೆ ಬಿರುಕು ಬಿಡುತ್ತದೆ ಅಂತ ಮಗಳು ಮನೆಗೆ ಬಂದು ನಮಗೇ ಹೇಳಿಕೊಟ್ಟಳು.

ಪೋಷಕರ ಸಭೆಯಲ್ಲಿ ನನ್ನ ಗಂಡ ಒಂದು ಪ್ರಶ್ನೆ ಕೇಳಿದರು. ಮಗಳು ಬಿಡಿಸಿದ ಚಿತ್ರದಲ್ಲಿ ಅವಳ ಅಜ್ಜಿ, ಅಂದರೆ ನನ್ನ ಗಂಡನ ಅಮ್ಮ, ಮನೆಗಿಂತ ಎತ್ತರ, ಒಲೆ ಮೇಲಿನ ಪಾತ್ರೆಯೊಳಗಿನ ಮುದ್ದೆ ಹೊರಗಿನಿಂದಲೇ ಕಾಣುತ್ತದೆ, ಇದನ್ನು ಯಾಕೆ ತಿದ್ದಲ್ಲ ಅಂತ. ಮೇಡಂ ಬೇಜಾರು ಮಾಡಿಕೊಳ್ಳದೆ ವಿವರವಾಗಿ ಹೇಳಿದರು. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡಿದ ವಿಕ್ಟರ್ ಲೋವೆನ್‌ಫೆಲ್ಡ್ ಅನ್ನುವವರು ಮಕ್ಕಳ ಚಿತ್ರ ವಯಸ್ಸಿನ ಜೊತೆ ಹೇಗೆ ಬದಲಾಗುತ್ತದೆ ಅಂತ 1947ರಲ್ಲೇ ಬರೆದಿದ್ದಾರಂತೆ. ಏಳರಿಂದ ಒಂಬತ್ತು ವರ್ಷದ ಮಕ್ಕಳು ತಮಗೆ ಮುಖ್ಯವಾದವರನ್ನು ದೊಡ್ಡದಾಗಿ ಬಿಡಿಸುತ್ತಾರೆ, ಒಳಗಿದೆ ಅಂತ ಗೊತ್ತಿರುವುದನ್ನು ಹೊರಗಿನಿಂದಲೇ ತೋರಿಸುತ್ತಾರೆ, ಎಲ್ಲವನ್ನೂ ಕೆಳಗೆ ಒಂದು ಗೆರೆ ಎಳೆದು ಅದರ ಮೇಲೆ ನಿಲ್ಲಿಸುತ್ತಾರೆ. ಒಂಬತ್ತು ದಾಟಿದ ಮೇಲೆ ಅವರೇ ನಿಜದ ಅಳತೆ ಹುಡುಕಲು ಶುರು ಮಾಡುತ್ತಾರೆ. ಈಗ ತಿದ್ದಿದರೆ ಅಜ್ಜಿ ಚಿಕ್ಕವಳಾಗುತ್ತಾಳೆ, ಮಗು ಅದರಿಂದ ಕಲಿಯುವುದೇನೂ ಇರಲ್ಲ ಅಂದರು. ನನ್ನ ಗಂಡ ಆ ಚಿತ್ರವನ್ನು ಅವರಮ್ಮನಿಗೆ ಕೊಟ್ಟರು. ಅದು ಈಗ ಅವರ ದೇವರ ಕೋಣೆ ಪಕ್ಕದ ಗೋಡೆ ಮೇಲಿದೆ.

ಹರಿಹರಕ್ಕೂ ಒಂದು ಸಲ ಕರೆದುಕೊಂಡು ಹೋಗಿದ್ದರು. ಹೊಯ್ಸಳರ ಕಾಲದಲ್ಲಿ, 1224ರಲ್ಲಿ ಕಟ್ಟಿದ ಹರಿಹರೇಶ್ವರ ದೇವಸ್ಥಾನ. ದೇವರು ಒಂದೇ ಮೂರ್ತಿ, ಬಲಗಡೆಯ ಅರ್ಧ ಶಿವ, ಎಡಗಡೆಯ ಅರ್ಧ ವಿಷ್ಣು. ಮೂರ್ತಿಯನ್ನು ಚೆನ್ನಾಗಿ ನೋಡಿ ಬಂದು, ಹೊರಗೆ ಕೂತು ಹಾಳೆಯನ್ನು ಮಧ್ಯಕ್ಕೆ ಮಡಚಿ, ಎರಡೂ ಕಡೆ ಯಾವುದು ಒಂದೇ, ಯಾವುದು ಬೇರೆ ಅಂತ ಬಿಡಿಸುವುದು. ಎರಡು ಕಡೆಯ ಸಮತೋಲ ಹೇಳಿಕೊಡೋಕೆ ಇದಕ್ಕಿಂತ ಒಳ್ಳೆ ಪಾಠ ಎಲ್ಲಿ ಸಿಗುತ್ತೆ ಹೇಳಿ?

ತೊಂದರೆಗಳೂ ಇವೆ. ಆರು ವರ್ಷದವರನ್ನೂ ಹನ್ನೊಂದರವರನ್ನೂ ಒಟ್ಟಿಗೆ ಕೂರಿಸುತ್ತಾರೆ. ದೊಡ್ಡವರು ಬೇಗ ಮುಗಿಸಿ ಗಲಾಟೆ ಮಾಡುತ್ತಾರೆ, ಚಿಕ್ಕವರು ಅವರದ್ದನ್ನು ನೋಡಿ ಮಾಡೋಕೆ ಹೋಗುತ್ತಾರೆ. ಎರಡು ಬ್ಯಾಚ್ ಮಾಡಿ ಅಂತ ಕೇಳಿದ್ದೇವೆ, ಇನ್ನೂ ಆಗಿಲ್ಲ. ಮೇಲೆ ಶೀಟ್ ಚಾವಣಿ, ಏಪ್ರಿಲ್‌ನಲ್ಲಿ ಕೂರೋಕಾಗಲ್ಲ. ಕೈ ತೊಳೆಯೋಕೆ ಇರುವುದು ಒಂದೇ ನಲ್ಲಿ, ಬಣ್ಣದ ದಿನ ಸಾಲು ನಿಲ್ಲಬೇಕು. ಫೀಸು ತಿಂಗಳಿಗೆ 800 ರೂಪಾಯಿ, ಬಣ್ಣ, ಮಣ್ಣು, ಪೇಪರ್ ಅದರಲ್ಲೇ ಬಂತು, ಅದಕ್ಕೆ ನನ್ನ ತಕರಾರಿಲ್ಲ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಇಲ್ಲಿ ತಯಾರಿ ಮಾಡಿಸಲ್ಲ. ಅದು ಹೈಸ್ಕೂಲ್ ಮಕ್ಕಳ ವಿಷಯ, ಅದಕ್ಕೆ ಬೇರೆ ಕಡೆ ನೋಡಿಕೊಳ್ಳಿ.

ಶಾಲೆಯಲ್ಲೇ ಇದೆಲ್ಲ ಇದ್ದಿದ್ದರೆ ಇಲ್ಲಿಗೆ ಕಳಿಸುವ ಅಗತ್ಯ ಇರುತ್ತಿರಲಿಲ್ಲ. ಶಾಲೆಯ ಎಲ್ಲಾ ಹಂತದಲ್ಲೂ ಕಲೆ ಒಂದು ವಿಷಯವಾಗಿ ಇರಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೇ ಹೇಳಿದ್ದಾರೆ. ಮಗಳ ಶಾಲೆಯಲ್ಲಿ ವಾರಕ್ಕೊಂದೇ ಡ್ರಾಯಿಂಗ್ ಪೀರಿಯಡ್, ಪರೀಕ್ಷೆ ಹತ್ತಿರ ಬಂದರೆ ಅದೂ ಗಣಿತಕ್ಕೆ ಹೋಗುತ್ತದೆ. ಇದು ನನಗೆ ನಿಜವಾಗಲೂ ಸಂಕಟದ ವಿಷಯ, ಯಾಕಂದರೆ 800 ರೂಪಾಯಿ ಕೊಡೋಕಾಗದ ಮನೆಯ ಮಕ್ಕಳಿಗೂ ಇದು ಸಿಗಬೇಕು.

ಸೇರಿಸಬೇಕು ಅಂತಿದ್ದರೆ ಮೊದಲು ಒಂದು ದಿನ ಮಗುವನ್ನು ಕರೆದುಕೊಂಡು ಹೋಗಿ ಕೂರಿಸಿ, ಮೇಡಂ ಅದಕ್ಕೆ ದುಡ್ಡು ತೆಗೆದುಕೊಳ್ಳಲ್ಲ. ಹಳೆ ಅಂಗಿ ಹಾಕಿ ಕಳಿಸಿ. ಪೋಸ್ಟರ್ ಬಣ್ಣ ಒಣಗಿದರೆ ಎಷ್ಟು ಒಗೆದರೂ ಪೂರ್ತಿ ಹೋಗಲ್ಲ.